ಹಿಮಚಿರತೆಯ ಊರಿಗೆ ಒಂದು ಬಾಗಿಲು

ನಿಗಡಿ

ನಮ್ಮ ಮನೆಯವರು ಪಾಸ್‌ಪೋರ್ಟು ಮಾಡಿಸಿದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಬೆರಳಚ್ಚು ತೆಗೆಯುವ ಯಂತ್ರ ಅವರ ಬೆರಳನ್ನು ಬೆರಳೆಂದೇ ಒಪ್ಪಲಿಲ್ಲ. ಮೂವತ್ತು ವರ್ಷ ಕಬ್ಬಿಣ ಕತ್ತರಿಸಿ, ಬೆಸೆದು, ಅರೆದು ಗೆರೆಗಳೆಲ್ಲ ಸವೆದುಹೋಗಿದ್ದವು. ಕೌಂಟರಿನ ಹುಡುಗಿ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಒತ್ತಿಸಿದಳು. "ಕಾಕಾ, ಕಾಯ್ ಕಾಮ್ ಕರತಾ?" ಎಂದು ಮರಾಠಿಯಲ್ಲಿ ಕೇಳಿದಳು, ಏನು ಕೆಲಸ ಎಂದು. "ದರವಾಜೆ" ಎಂದರು ಇವರು. ಬಾಗಿಲು ಮಾಡುತ್ತೇನೆ ಎಂದು. ಐದನೆಯ ಸಲ ಯಂತ್ರ ಒಪ್ಪಿತು.

ನಾವು ಸಿಂದಗಿ ಕಡೆಯವರು. ಮದುವೆಯಾದ ವರ್ಷವೇ ಪುಣೆಗೆ ಬಂದು, ನಿಗಡಿಯಲ್ಲಿ ಒಂದು ಫ್ಯಾಬ್ರಿಕೇಶನ್ ಶೆಡ್ಡು ಹಾಕಿಕೊಂಡೆವು. ಗೇಟು, ಗ್ರಿಲ್ಲು, ಶಟರು, ಜಾಲರಿ ಎಲ್ಲ ಮಾಡುತ್ತೇವೆ. ಇವರಿಗೆ ಮಾತು ಕಡಿಮೆ. ಗಿರಾಕಿಗಳ ಜೊತೆ ಮಾತಾಡುವುದು, ಟೇಪು ಹಿಡಿದು ಅಳತೆ ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ. "ಬರಕೋ ಸುನಂದಾ" ಎಂಬುದು ನಮ್ಮ ಸಂಸಾರದಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು.

ನಾಲ್ಕು ವರ್ಷದ ಹಿಂದೆ ಗಾಯತ್ರಿ ನಮ್ಮ ಶೆಡ್ಡಿಗೆ ಬಂದಳು. ಬೆಂಗಳೂರಿನವಳು. ಗಂಡನ ನೌಕರಿಯಿಂದಾಗಿ ಮನೆ ಮಗರಪಟ್ಟಾದಲ್ಲಿ, ಅವಳ ಕೆಲಸ ಮಾತ್ರ ಚಿರತೆಗಳ ಹಿಂದೆ. ಪುಣೆ ಜಿಲ್ಲೆಯ ಶಿರೂರು ತಾಲೂಕಿನಲ್ಲಿ ಕಬ್ಬಿನ ಹೊಲಗಳೇ ಚಿರತೆಗಳಿಗೆ ಕಾಡಾಗಿವೆ. ಅಲ್ಲೇ ಹುಟ್ಟುತ್ತವೆ, ಅಲ್ಲೇ ಬೆಳೆಯುತ್ತವೆ, ಮೇಕೆಗಳ ಕೊಟ್ಟಿಗೆಗೆ ನುಗ್ಗುತ್ತವೆ. ಮನುಷ್ಯರನ್ನೇ ಕಳೆದುಕೊಂಡ ಮನೆಗಳೂ ಆ ಕಡೆ ಇವೆ. ಅಂಥ ಊರಲ್ಲಿ ನಿಂತು ಚಿರತೆಯ ಪರವಾಗಿ ಮಾತಾಡುವುದಕ್ಕೆ ಗುಂಡಿಗೆ ಬೇಕು. ಗಾಯತ್ರಿಗೆ ಅದು ಇದೆ.

"ಅಂಕಲ್, ಚಿರತೆ ಓಪನ್ ಮಾಡೋಕೆ ಆಗ್ಬಾರ್ದು, ಅಂಥ ಡೋರ್ ಬೇಕು. ಆದ್ರೆ ವಯಸ್ಸಾದ ಅಜ್ಜಿ ಒಂದೇ ಕೈಲಿ ತೆಗೆಯೋ ಹಾಗಿರ್ಬೇಕು" ಎಂದಳು.

ಇವರು, "ತೆಗೆಯೋದು ಇರಲಿ. ಅಜ್ಜಿ ಹಾಕೋದು ಮರತ್ರ?" ಎಂದು ಕೇಳಿದರು.

ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವಂತೆ. ಇವರು ಮಾಡಿಕೊಟ್ಟ ಬಾಗಿಲಿನ ಕೀಲು ಸ್ವಲ್ಪ ಓರೆ. ಕೈ ಬಿಟ್ಟರೆ ಬಾಗಿಲು ತಾನಾಗಿಯೇ ಬಂದು ಕೂರುತ್ತದೆ, ಚಿಲಕ ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಕೊಟ್ಟಿಗೆಯ ಮೇಲಕ್ಕೆ ಕಬ್ಬಿಣದ ಜಾಲರಿಯ ಚಾವಣಿ. ಆ ಬಾಗಿಲು ಕೂತ ಒಂದು ಕೊಟ್ಟಿಗೆಯಿಂದಲೂ ಇವತ್ತಿನವರೆಗೆ ಮೇಕೆ ಹೋಗಿಲ್ಲ. ಇದನ್ನು ನಾನು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.

ಆ ಬಾಗಿಲಿನ ಫೋಟೋಗಳನ್ನು ಗಾಯತ್ರಿ ಯಾವುದೋ ಸಭೆಯಲ್ಲಿ ತೋರಿಸಿದಾಗ ಕಿರ್ಗಿಸ್ತಾನದಿಂದ ಬಂದಿದ್ದ ನುರ್ಗುಲ್ ಎಂಬ ಶಾಲಾ ಶಿಕ್ಷಕಿ ಎದ್ದು ನಿಂತು, ಈ ಮನುಷ್ಯ ನಮ್ಮ ಊರಿಗೆ ಬರುತ್ತಾರೆಯೇ ಎಂದು ಕೇಳಿದರಂತೆ. ಕಾಶ್ಮೀರಕ್ಕೂ ಆಚೆ, ಇನ್ನೂ ಉತ್ತರಕ್ಕೆ, ಪರ್ವತಗಳೇ ತುಂಬಿದ ದೇಶ ಅದು. ಅಲ್ಲಿ ಕಾಟ ಕೊಡುವುದು ಹಿಮಚಿರತೆ. ಜಗತ್ತಿನಲ್ಲೇ ಕೆಲವು ಸಾವಿರ ಮಾತ್ರ ಉಳಿದಿರುವ ಪ್ರಾಣಿ.

ದಿಲ್ಲಿ ವಿಮಾನ ನಿಲ್ದಾಣ

ಹಬ್ಬದ ಗಣಪತಿಯನ್ನು ಕಳಿಸಿ, ಎರಡು ವಾರ ಬಿಟ್ಟು ಹೊರಟೆವು. ಗಾಯತ್ರಿ, ಇವರು, ನಾನು. ನೀನೇಕೆ ಎಂದು ಮಗಳು ನನ್ನನ್ನು ಕೇಳಿದಳು. "ಅಳತಿ ಯಾರು ಬರಕೋತಾರ?" ಎಂದರು ಇವರು. ಅವರ ಪ್ರಕಾರ ಅದರಲ್ಲಿ ಚರ್ಚೆ ಮಾಡುವಂಥದ್ದೇನೂ ಇರಲಿಲ್ಲ.

ಉಪಕರಣಗಳೆಲ್ಲ ದೊಡ್ಡ ಪೆಟ್ಟಿಗೆಯಲ್ಲಿ ಹೋದವು. ತಮ್ಮ ಚಿಲಕದ ಮಾದರಿಯೊಂದನ್ನು ಮಾತ್ರ ಇವರು ಕೈಚೀಲದಲ್ಲಿ, ಟವೆಲ್ಲಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ತಪಾಸಣೆಯಲ್ಲಿ ಅದು ಸಿಕ್ಕಿಬಿತ್ತು. ಸಮವಸ್ತ್ರದ ಹೆಣ್ಣುಮಗಳು ಅದನ್ನು ಎತ್ತಿ ಹಿಡಿದು ಇದೇನು ಎಂದಳು. ಇವರು ಹಿಂದಿಯಲ್ಲಿ ಹೇಳುವ ಬದಲು ಚಿಲಕವನ್ನು ಕೈಗೆ ತೆಗೆದುಕೊಂಡು, ಎತ್ತಿ, ಬಿಟ್ಟು ತೋರಿಸಿದರು. ಠಣ್ ಎಂದು ಬಿತ್ತು. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. "ಬಹುತ್ ಅಚ್ಛಾ ಹೈ, ಲೇಕಿನ್ ನಹೀ ಜಾಯೇಗಾ" ಎಂದು ಅವಳು ಅದನ್ನು ಪಕ್ಕದ ಡಬ್ಬಕ್ಕೆ ಹಾಕಿದಳು. ನಿಯಮ ನಿಯಮವೇ.

ನಾನು ಸಮಾಧಾನ ಹೇಳಲು ಹೋದೆ. "ಅಕಿ ಛಲೋ ಅದ ಅಂದ್ಳು, ಕೇಳಿದಿಲ್ಲೋ?" ಎಂದರು. ಚಿಲಕ ಹೋದದ್ದಕ್ಕಿಂತ ಅದೇ ಅವರಿಗೆ ದೊಡ್ಡದಾಗಿತ್ತು.

ಬುರುಲ್ ಅಪಾ ಮನೆ

ಬಿಷ್ಕೆಕ್ ಎಂಬ ರಾಜಧಾನಿಯಿಂದ ಒಂದು ಇಡೀ ದಿನ ಜೀಪಿನಲ್ಲಿ ಮೇಲೇರಿದೆವು. ನಾರಿನ್ ಎಂಬ ಪ್ರಾಂತ್ಯ. ಊರಿನ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ, ಮನುಷ್ಯರ ಹೆಸರುಗಳನ್ನೂ ಬದಲಿಸಿದ್ದೇನೆ. ಏಕೆಂದು ಮುಂದೆ ತಿಳಿಯುತ್ತದೆ.

ನಮ್ಮ ಸಹ್ಯಾದ್ರಿಯ ಬೆಟ್ಟಗಳು ಮಳೆಗಾಲದಲ್ಲಿ ಹಸಿರು ಹೊದ್ದು ಕೂತಿರುತ್ತವೆ. ಇಲ್ಲಿಯ ಬೆಟ್ಟಗಳಿಗೆ ಹೊದಿಕೆಯೇ ಇಲ್ಲ. ಕೆಳಗೆ ಒಣ ಹುಲ್ಲು, ನಡುವೆ ಬರಿಗಲ್ಲು, ತುದಿಯಲ್ಲಿ ಹಿಮ. ಇಷ್ಟು ಬೋಳಾದ ಜಾಗದಲ್ಲಿ ಒಂದು ಪ್ರಾಣಿ ಅಡಗುವುದಾದರೂ ಎಲ್ಲಿ ಎಂದು ನಾನು ಕೇಳಿದೆ. "ಅದು ನಮ್ಮನ್ನ ಆಲ್ರೆಡಿ ನೋಡಿರುತ್ತೆ ಆಂಟಿ" ಎಂದಳು ಗಾಯತ್ರಿ. ಆಮೇಲೆ ದಾರಿಯುದ್ದಕ್ಕೂ ನಾನು ಸೆರಗು ಸರಿಮಾಡಿಕೊಳ್ಳುತ್ತಲೇ ಇದ್ದೆ.

ಉಳಿದುಕೊಂಡದ್ದು ನುರ್ಗುಲ್ ಅವರ ತಾಯಿಯ ಮನೆಯಲ್ಲಿ. ತಾಯಿಯ ಹೆಸರು ಬುರುಲ್. ಎಲ್ಲರೂ 'ಅಪಾ' ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಅಪಾ ಎಂದರೆ ಅಮ್ಮ.

"ಇಲ್ಲಿ ಅವ್ವಗ ಅಪ್ಪಾ ಅಂತಾರ?" ಎಂದು ಇವರು ನನ್ನ ಕಿವಿಯಲ್ಲಿ ಕೇಳಿದರು.

"ಹೌದ್ರಿ. ನೀವೂ ಅನ್ರಿ."

ನರೆತ ಜಡೆಯ, ಕೆಂಪು ಕೆನ್ನೆಯ ಆ ಮುದುಕಿಗೆ ಇವರು ಕೈಮುಗಿದು "ಅಪ್ಪಾ" ಎಂದರು. ಅಷ್ಟು ಹೇಳಿದ್ದಕ್ಕೇ ಮುದುಕಿ ಇವರ ಎರಡೂ ಕೆನ್ನೆ ಹಿಡಿದರು. ನನಗೆ ಸಿಂದಗಿಯ ನನ್ನ ಮಾವನವರನ್ನು ನೆನೆಸಿಕೊಂಡು ನಗು ತಡೆಯಲಾಗಲಿಲ್ಲ.

ನಾವು ಮಾಂಸ ತಿನ್ನುವುದಿಲ್ಲ ಎಂಬುದು ಆ ಮನೆಗೆ ದೊಡ್ಡ ಸಂಕಟವಾಯಿತು. ಕುರಿಯ ದೇಶ ಅದು. ಏನಾದರೂ ಕಾಯಿಲೆಯೇ ಎಂದು ಅಪಾ ನುರ್ಗುಲ್ ಮೂಲಕ ಕೇಳಿಸಿದರು. ಆಮೇಲೆ ದಪ್ಪ ರೊಟ್ಟಿ, ಕೆನೆ, ಬೇಯಿಸಿದ ಆಲೂಗಡ್ಡೆ, ಹಣ್ಣಿನ ಮುರಬ್ಬ ಎಲ್ಲ ತಂದು ಸುರಿದರು. ರೊಟ್ಟಿಗೆ ಅವರು ನಾನ್ ಎಂದೇ ಹೇಳುವುದು. ನಾನು ಒಂದು ತುಂಡು ಮುರಿದು ಉಳಿದದ್ದನ್ನು ಬೋರಲಾಗಿ ಇಟ್ಟೆ. ಅಪಾ ತಟ್ಟನೆ ಕೈ ಚಾಚಿ ಅದನ್ನು ಮಗುಚಿ ನೆಟ್ಟಗಿಟ್ಟರು. ರೊಟ್ಟಿಯನ್ನು ಬೋರಲು ಹಾಕುವುದು ಅವರಲ್ಲಿ ಅನ್ನಕ್ಕೆ ಮಾಡುವ ಅವಮಾನ. ನಾನು ನಮ್ಮ ಕಡೆಯ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಬಿಚ್ಚಿದೆ. ಜೋಳದ ರೊಟ್ಟಿ ಹಪ್ಪಳದ ಹಾಗೆ ಮುರಿದದ್ದನ್ನು ಕಂಡು ಅಪಾ ಬೆಚ್ಚಿದರು. ಚಟ್ನಿ ಪುಡಿ ಮಾತ್ರ ಮಾರನೆಯ ದಿನವೇ ಅವರ ಕಪಾಟು ಸೇರಿತು.

ಚಹಾದ ವಿಷಯದಲ್ಲಿ ನಾನೊಂದು ಎಡವಟ್ಟು ಮಾಡಿದೆ. ಅವರು ಬಟ್ಟಲಿನಲ್ಲಿ ಅರ್ಧ ಮಾತ್ರ ಚಹಾ ಕೊಡುತ್ತಿದ್ದರು. ಇಷ್ಟು ಉಣ್ಣಲು ಕೊಟ್ಟವರು ಚಹಾಕ್ಕೇಕೆ ಹೀಗೆ ಕೈ ಬಿಗಿ ಹಿಡಿಯುತ್ತಾರೆ ಎಂದು ನನಗೆ ಬೇಜಾರು. ಎರಡನೆಯ ದಿನ ಬೆಳಿಗ್ಗೆ ನಾನೇ ಎದ್ದು ಚಹಾ ಹಾಕಿ, ಅಪಾಗೆ ಅಂಚಿನವರೆಗೆ ತುಂಬಿ ಕೊಟ್ಟೆ. ಅಪಾ ಬಟ್ಟಲನ್ನೂ ನನ್ನನ್ನೂ ನೋಡಿದರು. ನುರ್ಗುಲ್ ಬಿದ್ದು ಬಿದ್ದು ನಕ್ಕರು. ಗಾಯತ್ರಿ ಅವರ ಇಂಗ್ಲಿಷನ್ನು ನನಗೆ ತಿಳಿಸಿದಳು: "ಆಂಟಿ, ಅರ್ಧ ಹಾಕಿದ್ರೆ ಇನ್ನೂ ಕೂತ್ಕೊಳಿ, ಮತ್ತೆ ಹಾಕ್ತೀವಿ ಅಂತ. ಫುಲ್ ಹಾಕಿದ್ರೆ ಕುಡಿದು ಹೊರಡಿ ಅಂತ. ನೀವು ಅವ್ರನ್ನ ಅವ್ರ ಮನೆಯಿಂದಾನೇ ಕಳಿಸ್ತಿದೀರ!"

ಶಾಲೆ

ನುರ್ಗುಲ್ ಅವರ ತರಗತಿಯ ಒಂದು ಗೋಡೆಯ ತುಂಬ ಮಕ್ಕಳು ಬರೆದ ಪ್ರಾಣಿಗಳ ಚಿತ್ರ. ಸುರುಳಿ ಕೊಂಬಿನ ದೊಡ್ಡ ಕಾಡುಕುರಿ, ಬೆನ್ನಿನ ಮೇಲೆ ಕತ್ತಿಯ ಹಾಗೆ ಬಾಗಿದ ಕೊಂಬಿನ ಕಾಡುಮೇಕೆ, ಗಡ್ಡವಿರುವ ರಣಹದ್ದು, ಬೇಟೆಗಾರರು ಮರಿಗಳನ್ನೇ ಕದ್ದೊಯ್ಯುವ ಗಿಡುಗ. ನಡುವೆ ಬೂದು ಬಣ್ಣದ, ದೇಹಕ್ಕಿಂತ ಬಾಲವೇ ದೊಡ್ಡದಾದ ಹಿಮಚಿರತೆ. ಅವರ ಭಾಷೆಯಲ್ಲಿ ಇಲ್ಬಿರ್ಸ್. ಶಾಲೆ ಬಿಟ್ಟ ಮೇಲೆ ನುರ್ಗುಲ್ ಬೆಟ್ಟದಲ್ಲಿಟ್ಟ ಕ್ಯಾಮೆರಾಗಳನ್ನು ನೋಡಿ ಬರುತ್ತಾರೆ, ಯಾವ ಪ್ರಾಣಿ ಬದುಕಿದೆ ಯಾವುದು ಕಾಣುತ್ತಿಲ್ಲ ಎಂದು ಬರೆದಿಡುತ್ತಾರೆ.

ಮಕ್ಕಳು ಇವರನ್ನು ಮಾತಾಡಿ ಎಂದು ಹಟ ಹಿಡಿದರು. ಪುಣೆಯಲ್ಲಿ ಮಗಳ ಶಾಲೆಯ ಸಭೆಗೂ ಹೋಗಿ ತುಟಿ ಬಿಚ್ಚದವರು ಅಲ್ಲಿ ಎದ್ದು ನಿಂತರು.

"ನಮ್ಮ ಕಡೆ ಕಬ್ಬು ಕಡಿಯೂ ಮುಂದ ನಡಬರಕ ಚಿರತಿ ಮರಿ ಸಿಗ್ತಾವ. ಕಣ್ಣು ಸುದ್ದಾ ತೆರದಿರೂದಿಲ್ಲ. ಕಡಿಯೋ ಮಂದಿ ಕುಡಗೋಲು ಕೆಳಗ ಇಡ್ತಾರ. ಅಷ್ಟು ಕಬ್ಬು ಹಂಗ ಬಿಟ್ಟು ದೂರ ಸರೀತಾರ. ತಾಯಿ ಬಂದು ಬಾಯಾಗ ಹಿಡಕೊಂಡು ಹೋಗೂತನ ಆ ಕಡೆ ಯಾರೂ ಸುಳಿಯೂದಿಲ್ಲ. ಅವರೇ ಮ್ಯಾಕಿ ಕಳಕೊಂಡ ಮಂದಿ."

ಗಾಯತ್ರಿ ಇಂಗ್ಲಿಷಿಗೆ, ನುರ್ಗುಲ್ ಕಿರ್ಗಿಜ್‌ಗೆ ತಿರುಗಿಸಿದರು. ನನ್ನ ಗಂಡನ ಸಿಂದಗಿ ಕನ್ನಡ ಎರಡು ಭಾಷೆ ದಾಟಿ ಆ ಮಕ್ಕಳ ಮುಖ ತಲುಪುವುದನ್ನು ನಾನು ಕಿಟಕಿಯ ಪಕ್ಕ ಕೂತು ನೋಡುತ್ತಿದ್ದೆ. ಬಾಗಿಲಲ್ಲಿ ನುರ್ಗುಲ್ ಅವರ ಅಣ್ಣ ಎರ್ಕಿನ್ ನಿಂತಿದ್ದ. ನಲವತ್ತರ ಆಸುಪಾಸಿನ ಕುರಿಗಾರ, ಬಿಳಿ ಉಣ್ಣೆಯ ಎತ್ತರದ ಟೋಪಿ. ಮರಿಗಳ ಮಾತು ಬಂದಾಗ ಅವನು ಬೆನ್ನು ತಿರುಗಿಸಿ ಹೊರಟುಹೋದ.

ಹಿಂದಿನ ಚಳಿಗಾಲದಲ್ಲಿ ಎರ್ಕಿನ್‌ನ ಹದಿನೇಳು ಕುರಿಗಳು ಒಂದೇ ಸಲಕ್ಕೆ ಸತ್ತಿದ್ದವು. ಹಿಮಚಿರತೆ ಕೊಟ್ಟಿಗೆಯ ಮಾಡಿನ ಗಾಳಿಕಿಂಡಿಯಿಂದ ಒಳಗೆ ಹಾರಿ, ಹೊರಗೆ ಹೋಗಲು ದಾರಿ ಸಿಗದೆ, ಗಾಬರಿಯಲ್ಲಿ ಸಿಕ್ಕಿದ್ದನ್ನೆಲ್ಲ ಕೊಂದುಹಾಕಿತ್ತು. ತಿಂದದ್ದು ಒಂದನ್ನೂ ಪೂರ್ತಿಯಲ್ಲ.

ಕೊಟ್ಟಿಗೆ

ಊರಿನಿಂದ ಒಂದು ಗಂಟೆ ಮೇಲೆ ಹೋದರೆ ಎರ್ಕಿನ್‌ನ ಚಳಿಗಾಲದ ಕೊಟ್ಟಿಗೆ. ಕಲ್ಲಿನ ಗೋಡೆ, ಮಣ್ಣಿನ ಮಾಡು, ಮುಂದೆ ಗೋಡೆ ಹಾಕಿದ ಸಣ್ಣ ಅಂಗಳ, ಅದಕ್ಕೆ ಹಗ್ಗ ಕಟ್ಟಿದ ಮುರುಕು ಹಲಗೆಯ ಬಾಗಿಲು. ವಿದ್ಯುತ್ತು ಇಲ್ಲ. ವೆಲ್ಡಿಂಗ್ ಮಾಡಲು ಊರಿನಿಂದ ತಂದ ಜನರೇಟರು ಆ ಎತ್ತರದ ಗಾಳಿಯಲ್ಲಿ ನಾಲ್ಕು ಸಲ ಕೆಮ್ಮಿ ನಿಂತುಹೋಯಿತು. ನನಗೂ ತಲೆ ಸಿಡಿಯುತ್ತಿತ್ತು, ಹತ್ತು ಹೆಜ್ಜೆಗೆ ಏದುಸಿರು. ಕೈಯಿಂದ ತಿರುಗಿಸುವ ಡ್ರಿಲ್ಲು, ಹ್ಯಾಕ್ಸಾ, ಬೋಲ್ಟುಗಳು, ಇಷ್ಟೇ ಉಳಿದವು.

ಇವರು ನೆಲದ ಮೇಲೆ ಕಡ್ಡಿಯಿಂದ ಶಿರೂರಿನ ಬಾಗಿಲನ್ನು ಬರೆದು ತೋರಿಸಿದರು. ಹೊರಕ್ಕೆ ತೆರೆಯುವ ಬಾಗಿಲು. ಪ್ರಾಣಿ ಒಳಕ್ಕೆ ಎಷ್ಟು ತಳ್ಳಿದರೂ ಜಗ್ಗುವುದಿಲ್ಲ. ಎರ್ಕಿನ್ ನೋಡಿದ. ಆಮೇಲೆ ತನ್ನ ಸೊಂಟದ ಮಟ್ಟಕ್ಕೆ ಕೈ ಇಟ್ಟು, ಬಾಗಿಲ ಮುಂದೆ ಅಷ್ಟು ಎತ್ತರದ ಏನನ್ನೋ ತೋರಿಸಿ, ಬಾಗಿಲು ತಳ್ಳುವಂತೆ ನಟಿಸಿ, ಆಗುವುದಿಲ್ಲ ಎಂದು ತಲೆಯಾಡಿಸಿದ. ಹಿಮ. ಚಳಿಗಾಲದಲ್ಲಿ ಸೊಂಟದವರೆಗೆ ಹಿಮ ಬಿದ್ದರೆ ಹೊರಕ್ಕೆ ತೆರೆಯುವ ಬಾಗಿಲು ತೆರೆಯುವುದು ಹೇಗೆ? ಏನೋ ಹೇಳಿ ನಕ್ಕ. ನುರ್ಗುಲ್ ಅದನ್ನು ಅನುವಾದಿಸಲಿಲ್ಲ.

ಇವರ ಮುಖ ಕೆಂಪಾಯಿತು. ಅರ್ಧ ದಿನ ಗೋಡೆಯ ಮೇಲೆ ಕೂತರು. ನಾನು ಬುತ್ತಿ ಕೊಟ್ಟರೂ ಮುಟ್ಟಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ನನ್ನನ್ನು ಕರೆದರು.

"ನಮ್ಮ ಶೆಡ್ಡಿನ ಬಾಗಲಾ ಯಾ ಕಡೆ ತೆರೀತದ?"

"ಯಾ ಕಡೆನೂ ತೆರಿಯೂದಿಲ್ಲಲ್ರಿ. ಬಾಜೂಕ ಸರೀತದ."

"ಬರಕೋ ಸುನಂದಾ."

ಗೋಡೆಯ ಒಳಬದಿಯಲ್ಲಿ ಬಾಗಿಲ ಮೇಲೊಂದು ಪೈಪು. ಅದರಿಂದ ತೂಗುವ, ಪಕ್ಕಕ್ಕೆ ಸರಿಯುವ ಬಾಗಿಲು. ಪೈಪು ಒಂದು ಕಡೆ ತುಸು ಇಳಿಜಾರು, ಹಾಗಾಗಿ ಕೈ ಬಿಟ್ಟರೆ ಬಾಗಿಲು ತಾನೇ ಉರುಳಿ ಬಂದು ಮುಚ್ಚಿಕೊಳ್ಳುತ್ತದೆ. ಒಳಬದಿಯಲ್ಲಿರುವುದರಿಂದ ಹಿಮ ಅಡ್ಡ ಬರುವುದಿಲ್ಲ, ಹೊರಗಿನ ಪಂಜಕ್ಕೆ ಹಿಡಿತ ಸಿಗುವುದಿಲ್ಲ. ನಾನು ಅಳತೆ ಹಿಡಿದು ಚಿತ್ರ ಬರೆದೆ. ಎರ್ಕಿನ್ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಈ ಸಲ ನಗಲಿಲ್ಲ.

ಜಾಲರಿಗೂ ದಾರಿ ಸಿಕ್ಕಿತು. ಆ ಊರಿನಲ್ಲಿ ಹಳೆಯ ಕಾಲದ ಕಬ್ಬಿಣದ ಮಂಚಗಳು ಕಂಡಲ್ಲೆಲ್ಲ ಬಿದ್ದಿವೆ. ಒಬ್ಬರ ಮನೆಯಲ್ಲಿ ಬೇಲಿಯಾಗಿ, ಇನ್ನೊಬ್ಬರಲ್ಲಿ ಕೋಳಿಗೂಡಿನ ಬಾಗಿಲಾಗಿ. ಮಲಗುವ ಜಾಗದಲ್ಲಿ ಗಟ್ಟಿ ತಂತಿಯ ಹೆಣಿಗೆ. ಇವರು ಒಂದರ ಮೇಲೆ ನಿಂತು ಕುಣಿದು ನೋಡಿದರು. "ಟಾಟಾ ತಂತಿನೂ ಇಷ್ಟು ಗಟ್ಟಿ ಇಲ್ಲ ಬಿಡು" ಎಂದರು. ಶಾಲೆಯ ಮಕ್ಕಳು ಊರೆಲ್ಲ ತಿರುಗಿ ಬೇಡದ ಮಂಚಗಳನ್ನು ಕೂಡಿಸಿದರು. ಗಾಳಿಕಿಂಡಿಗೆ, ಅಂಗಳದ ಮೇಲಕ್ಕೆ ಮಂಚದ ಜಾಲರಿ ಹಾಸಿ ಬೋಲ್ಟು ಬಿಗಿದೆವು. ಉರುಳುವ ಗಾಲಿಗೆ ಎರ್ಕಿನ್‌ನ ಸತ್ತ ಟ್ರ್ಯಾಕ್ಟರಿನ ಬೇರಿಂಗುಗಳು. ಅವನಿಗೆ ಇವರ ಜೊತೆ ಕೆಲಸ ಮಾಡುವುದು ರುಚಿಸತೊಡಗಿತ್ತು. ಇಬ್ಬರೂ ಮಾತಾಡುತ್ತಿರಲಿಲ್ಲ, ಇಬ್ಬರಿಗೂ ಅದು ಬೇಕಾಗಿಯೂ ಇರಲಿಲ್ಲ.

ಎರಡು ಬೆರಳು

ಐದನೆಯ ದಿನ ಸಂಜೆ ಇವರು ನನ್ನನ್ನು ಮನೆಯ ಹಿಂದಕ್ಕೆ ಕರೆದರು. ಮುಖ ಸರಿಯಿರಲಿಲ್ಲ.

ಬಾಗಿಲನ್ನು ಗಾಲಿಗೆ ತೂಗುಹಾಕಲು ಎರಡು ಗಟ್ಟಿ ಕಬ್ಬಿಣದ ಪಟ್ಟಿ ಬೇಕಾಗಿತ್ತು. ಅದಕ್ಕಾಗಿ ಎರ್ಕಿನ್‌ನ ಗುಜರಿ ಕೋಣೆ ತಡಕುವಾಗ ಗೋಣಿಚೀಲದ ಕೆಳಗೆ ಇವರಿಗೆ ಒಂದು ವಸ್ತು ಸಿಕ್ಕಿತ್ತು. ಹಲ್ಲುಗಳಿರುವ ಕಬ್ಬಿಣದ ದವಡೆ. ನೆಲದಲ್ಲಿ ಹುಗಿದಿಟ್ಟರೆ, ಪ್ರಾಣಿ ಕಾಲಿಟ್ಟ ಕೂಡಲೇ ಉಕ್ಕಿನ ಪಟ್ಟಿಯ ಬಲಕ್ಕೆ ಕಚ್ಚಿಕೊಳ್ಳುವಂಥದ್ದು. ಹಳೆಯದು, ಆದರೆ ತುಕ್ಕು ಉಜ್ಜಿ ಎಣ್ಣೆ ಹಚ್ಚಿತ್ತು.

"ಎಣ್ಣಿ ಹೊಸಾದು" ಎಂದರು ಇವರು.

ತಂಗಿ ಬೆಟ್ಟದಲ್ಲಿ ಕ್ಯಾಮೆರಾ ಇಟ್ಟು ಒಂದೊಂದು ಇಲ್ಬಿರ್ಸನ್ನೂ ಲೆಕ್ಕ ಹಿಡಿಯುತ್ತಾಳೆ, ಅಣ್ಣ ಅದೇ ಬೆಟ್ಟಕ್ಕೆ ಇದನ್ನು ಸಿದ್ಧ ಮಾಡುತ್ತಿದ್ದಾನೆ. ಅಲ್ಲಿ ಇದು ದೊಡ್ಡ ಅಪರಾಧ. ನುರ್ಗುಲ್‌ಗೆ ಹೇಳಿದರೆ ಮನೆ ಒಡೆಯುತ್ತದೆ, ಹೇಳದಿದ್ದರೆ ಪ್ರಾಣಿ ಸಾಯುತ್ತದೆ.

"ಗಾಯತ್ರಿಗೆ ಹೇಳೂಣೇನ್ರಿ?"

"ಅಕಿಗೆ ಹೇಳಿದ್ರ ಅಕಿ ಸುಮ್ಮ ಇರಾಕಿ ಅಲ್ಲ. ಇರಬಾರದೂ ಹೌದು."

"ಮತ್ತ ಬ್ಯಾರೆ ಕಬ್ಬಿಣ ಹುಡುಕಿ ಬಾಗಲಾ ಮುಗಸೂಣ. ನಮಗ್ಯಾಕ?"

ಇವರು ನನ್ನನ್ನು ನೋಡಿದರು. "ಬ್ಯಾರೆ ಕಬ್ಬಿಣ ಭಾಳ ಅದ ಸುನಂದಾ. ಇದನ್ನ ಇಲ್ಲೇ ಬಿಟ್ಟು ಬಾಗಲಾ ಹಾಕಿದ್ರ, ನಾ ಯಾರಿಗೆ ಹಾಕಿದಂಗಾತು?"

ಮರುದಿನ ಬೆಳಿಗ್ಗೆ ನುರ್ಗುಲ್ ಶಾಲೆಗೆ ಹೋದ ಮೇಲೆ, ಗಾಯತ್ರಿ ಕ್ಯಾಮೆರಾ ನೋಡಲು ಹೋದ ಮೇಲೆ, ಇವರು ಆ ದವಡೆಯನ್ನು ಗೋಣಿಯ ಕೆಳಗಿಂದ ತೆಗೆದು ಕೊಟ್ಟಿಗೆಗೆ ಹೊತ್ತುಕೊಂಡು ಹೋಗಿ ಎರ್ಕಿನ್ ಮುಂದೆ ಇಟ್ಟರು. ನಾನು ಟೇಪು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಎರ್ಕಿನ್ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ. ಇವರು ಉಕ್ಕಿನ ಪಟ್ಟಿಯನ್ನು ಬೆರಳಿಂದ ತೋರಿಸಿದರು, ಬಾಗಿಲ ಮೇಲಿನ ಪೈಪನ್ನು ತೋರಿಸಿದರು, ಇದು ಅಲ್ಲಿಗೆ ಎಂದು ಕೈಯಲ್ಲಿ ಹೇಳಿದರು. ಆಮೇಲೆ ಎರಡು ಬೆರಳು ಎತ್ತಿದರು. ಪಟ್ಟಿ ಎರಡು ಬೇಕು. ಇನ್ನೊಂದಕ್ಕೆ ಹಳೆಯ ನೇಗಿಲಿನ ಕಬ್ಬಿಣ ನೋಡಿಟ್ಟಿದ್ದರು, ಅದನ್ನು ತೋರಿಸುವಷ್ಟರಲ್ಲಿ ಎರ್ಕಿನ್‌ನ ಮುಖದ ಬಣ್ಣ ಹೋಯಿತು.

ಅವನು ಇವರ ಎರಡು ಬೆರಳನ್ನೇ ನೋಡಿದ. ನನ್ನನ್ನೂ ನೋಡಿದ. ಕುದುರೆ ಬಿಚ್ಚಿ, ಹತ್ತಿ, ಬೆಟ್ಟದ ಕಡೆ ಹೋಗಿಬಿಟ್ಟ.

ಆ ದಿನ ಅವನು ಬರಲಿಲ್ಲ. ಅಪಾ ಬಾಗಿಲಿಗೂ ಒಲೆಗೂ ಓಡಾಡಿದರು. ನುರ್ಗುಲ್ ಅಣ್ಣ ಎಲ್ಲಿ ಎಂದು ಕೇಳಿದರು, ನಾವು ಗೊತ್ತಿಲ್ಲ ಎಂದೆವು. ಸುಳ್ಳೇನಲ್ಲ, ಆದರೂ ನನಗೆ ಅನ್ನ ಇಳಿಯಲಿಲ್ಲ. ಮನುಷ್ಯನ ಮಾನ ಕಳೆದೆವೇನೋ, ಪರದೇಶಕ್ಕೆ ಬಂದು ಒಬ್ಬರ ಮನೆ ಕೆಡಿಸಿದೆವೇನೋ ಎಂದು.

ಮರುದಿನ ಮಧ್ಯಾಹ್ನ ಕುದುರೆ ಇಳಿದು ಬಂದ. ತಡಿಯ ಹಿಂದೆ ಒಂದು ಗೋಣಿ. ಕೊಟ್ಟಿಗೆಯ ಮುಂದೆ ಅದನ್ನು ಸುರಿದ. ಇನ್ನೊಂದು ದವಡೆ ಬಿತ್ತು. ಮಣ್ಣು ಮೆತ್ತಿಕೊಂಡಿತ್ತು, ಹಲ್ಲುಗಳ ನಡುವೆ ಒಣ ಹುಲ್ಲು ಸಿಕ್ಕಿಕೊಂಡಿತ್ತು, ರಕ್ತ ಇರಲಿಲ್ಲ. ಕಣಿವೆಯ ಮೇಲಿನ ದಾರಿಯಲ್ಲಿ ಆಗಲೇ ಹುಗಿದಿಟ್ಟಿದ್ದನ್ನು ಕಿತ್ತು ತಂದಿದ್ದ. ಎರಡು ಬೆರಳು ಎಂದರೆ ಅವನಿಗೆ ಅರ್ಥವಾದದ್ದು ಅದು: ಇನ್ನೊಂದೂ ಇದೆ, ನನಗೆ ಗೊತ್ತು, ತಾ.

ನಮಗೆ ಗೊತ್ತೇ ಇರಲಿಲ್ಲ. ಇವರು ಆ ಮಾತನ್ನು ಅವನಿಗೆ ತಿಳಿಸಲು ಹೋಗಲಿಲ್ಲ. ಬಾಗಿ, ಆ ದವಡೆ ಎತ್ತಿಕೊಂಡು, ಪಟ್ಟಿಯ ಉದ್ದ ಮೊಳದಲ್ಲಿ ನೋಡಿ, "ಸರಿ ಹೊಂದ್ತದ" ಎಂದು ಕನ್ನಡದಲ್ಲೇ ಹೇಳಿದರು.

ಉಕ್ಕು ಗಟ್ಟಿ. ಕೈಡ್ರಿಲ್ಲಿಗೆ ಬಗ್ಗಲಿಲ್ಲ. ಅಪಾ ಅವರ ಕಲ್ಲಿದ್ದಲಿನ ಒಲೆಯಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹುಗಿದು ನಿಧಾನವಾಗಿ ಆರಿಸಿ, ಮೆತ್ತಗಾದ ಮೇಲೆ ಎರ್ಕಿನ್ ಒಂದು ತೂತು, ಇವರು ಒಂದು ತೂತು ಕೊರೆದರು. ಒಲೆಯಲ್ಲಿ ಏನು ಕಾಯುತ್ತಿದೆ ಎಂದು ಅಪಾ ಕೇಳಲಿಲ್ಲ. ನೋಡಿದರು, ಅಷ್ಟೇ. ಅವರು ಕುರಿಗಾರನ ಹೆಂಡತಿಯಾಗಿ, ಕುರಿಗಾರನ ತಾಯಿಯಾಗಿ ಬದುಕಿದವರು. ನನ್ನ ಬಟ್ಟಲಿಗೆ ಅರ್ಧ ಚಹಾ ಹಾಕಿ, ನನ್ನ ಕೈಮೇಲೆ ಕೈ ಇಟ್ಟು ಕೂತರು.

ಮೊದಲ ಹಿಮ

ಬಾಗಿಲು ಕೂತ ಮೂರನೆಯ ಬೆಳಿಗ್ಗೆ ಬೆಟ್ಟವೆಲ್ಲ ಬೆಳ್ಳಗಾಗಿತ್ತು. ನಾನು ಜೀವಮಾನದಲ್ಲಿ ಮೊದಲ ಸಲ ಹಿಮ ತುಳಿದು ಎರಡು ಸಲ ಬಿದ್ದೆ. ಎರ್ಕಿನ್ ಕೊಟ್ಟಿಗೆಯಿಂದ ಕೂಗುತ್ತ ಇಳಿದು ಬಂದ. ಏನು ಕೂಗುತ್ತಿದ್ದಾನೆಂದು ನನಗೆ ತಿಳಿಯಲಿಲ್ಲ. ಎಲ್ಲರೂ ಏದುಸಿರು ಬಿಡುತ್ತ ಮೇಲಕ್ಕೆ ಹತ್ತಿದೆವು.

ಕೊಟ್ಟಿಗೆಯ ಮಾಡಿನ ಮೇಲೆ ಹೆಜ್ಜೆಗಳಿದ್ದವು. ಶಿರೂರಿನ ಚಿರತೆಯ ಹೆಜ್ಜೆ ನಾನು ನೋಡಿದ್ದೇನೆ, ಇವು ಅದಕ್ಕಿಂತ ಅಗಲ, ದುಂಡಗೆ, ಅಂಗೈ ಊರಿದ ಹಾಗೆ. ಮಾಡಿನ ಒಂದು ತುದಿಯಿಂದ ಗಾಳಿಕಿಂಡಿಯವರೆಗೆ ಬಂದು, ಸುತ್ತ ಮೂರು ನಾಲ್ಕು ಸಲ ತಿರುಗಿ, ಅಂಗಳದ ಜಾಲರಿಯ ಮೇಲೂ ನಡೆದು, ಬಾಗಿಲ ಮುಂದೆ ಕೂತು ಎದ್ದು ಹೋಗಿತ್ತು. ಕೂತಲ್ಲಿ ಹಿಮ ಕರಗಿ ಒಂದು ಗುಳಿ, ಅದರ ಹಿಂದೆ ಉದ್ದಕ್ಕೆ ಬಾಲದ ಗೆರೆ. ಮಂಚದ ಜಾಲರಿಯಲ್ಲಿ ಬೂದು ಕೂದಲು ಸಿಕ್ಕಿಕೊಂಡಿತ್ತು. ಒಂದು ತಂತಿಯೂ ಬಾಗಿರಲಿಲ್ಲ.

ಎರ್ಕಿನ್ ಬಾಗಿಲನ್ನು ಪಕ್ಕಕ್ಕೆ ಸರಿಸಿದ. ಸೊಂಟದವರೆಗೇನೂ ಹಿಮ ಬಿದ್ದಿರಲಿಲ್ಲ, ಆದರೆ ಬಿದ್ದದ್ದು ಬಾಗಿಲಿಗೆ ಅಡ್ಡಿಯಾಗಲಿಲ್ಲ. ಅಪಾ ಒಳಗೆ ಹೋಗಿ ಒಂದೊಂದು ಕುರಿಯ ಬೆನ್ನು ಮುಟ್ಟಿ ಮುಟ್ಟಿ ಎಣಿಸಿದರು. ಎಲ್ಲ ಇದ್ದವು. ಅಪಾ ಹೊರಗೆ ಬಂದು ಎರಡೂ ಅಂಗೈಯಿಂದ ಮುಖ ಸವರಿಕೊಂಡರು, ಅದು ಅವರು ದೇವರಿಗೆ ಕೃತಜ್ಞತೆ ಹೇಳುವ ರೀತಿ. ನುರ್ಗುಲ್ ಆ ಕೂದಲನ್ನು ಕಾಗದದಲ್ಲಿ ಮಡಿಚಿಟ್ಟರು.

"ಅಂಕಲ್, ಅದು ಟ್ರೈ ಮಾಡಿದೆ, ಟ್ರೈ ಮಾಡಿ ವಾಪಸ್ ಹೋಗಿದೆ!" ಎಂದು ಗಾಯತ್ರಿ ಇವರ ತೋಳು ಹಿಡಿದು ಅಲ್ಲಾಡಿಸಿದಳು. ಅವಳ ಕಣ್ಣಲ್ಲಿ ನೀರು.

ಇವರು ಬಾಗಿಲ ಮುಂದಿನ ಆ ಗುಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. "ಭಾಳ ಹೊತ್ತು ಕೂತದ ನೋಡು" ಎಂದರು ನನಗೆ. "ಬಾಗಲಾ ತಿಳಕೊಳ್ಳಾಕ."

ನಾನು ಆ ದೇಶದಲ್ಲಿ ಇದ್ದಷ್ಟು ದಿನ ಹಿಮಚಿರತೆಯನ್ನು ನೋಡಲಿಲ್ಲ. ನೋಡಿದಿರಾ ಎಂದು ಪುಣೆಯಲ್ಲಿ ಎಲ್ಲರೂ ಕೇಳುತ್ತಾರೆ. ಇಲ್ಲ ಎನ್ನಲು ನನಗೆ ಬೇಸರವೇನಿಲ್ಲ. ಅದು ಹಸಿದು ಬಂದು, ನಾವು ಮಾಡಿದ್ದನ್ನು ಸುತ್ತಿ ನೋಡಿ, ಜೀವಂತ ವಾಪಸ್ಸು ಹೋದ ದಾರಿಯನ್ನು ಬೆಟ್ಟದ ತುದಿಯವರೆಗೆ ಕಣ್ಣಾರೆ ಕಂಡಿದ್ದೇನೆ.

ಹೊರಡುವ ಹಿಂದಿನ ದಿನ

ಸುದ್ದಿ ಪಕ್ಕದ ಕಣಿವೆಗೆ ಹೋಗಿತ್ತು. ಹೊರಡುವ ಹಿಂದಿನ ದಿನ ಅಲ್ಲಿಂದ ಹನ್ನೆರಡು ಜನ ಕುರಿಗಾರರು ಕುದುರೆಯ ಮೇಲೆ ಬಂದರು. ಬಿಸಿಲಿಗೆ ಸುಟ್ಟ ಮುಖಗಳು, ಒಬ್ಬರೂ ನಗುವವರಲ್ಲ. ಇವರು ವಿವರಿಸಲಿ ಎಂದು ನುರ್ಗುಲ್ ಮುಂದೆ ಕರೆದರು. ಇವರು ಎರ್ಕಿನ್‌ನ ಬೆನ್ನಿಗೆ ಕೈ ಹಾಕಿ ಅವನನ್ನು ಮುಂದೆ ತಳ್ಳಿ, ತಾವು ನನ್ನ ಪಕ್ಕ ಗೋಡೆಗೆ ಒರಗಿ ನಿಂತರು.

ಎರ್ಕಿನ್ ಮೊದಮೊದಲು ತಡವರಿಸಿದ. ಆಮೇಲೆ ಬಾಗಿಲು ಸರಿಸಿ ಕೈ ಬಿಟ್ಟು, ತಾನೇ ಮುಚ್ಚಿಕೊಳ್ಳುವುದನ್ನು ತೋರಿಸಿದ. ಇಳಿಜಾರು ಎಷ್ಟಿರಬೇಕು, ಜಾಲರಿಯನ್ನು ಯಾವ ಕಡೆಯಿಂದ ಬಿಗಿಯಬೇಕು, ಗಾಲಿಗೆ ಗ್ರೀಸು ಯಾವಾಗ ಹಾಕಬೇಕು ಎಲ್ಲ ಹೇಳಿದ. ನುರ್ಗುಲ್ ಇಂಗ್ಲಿಷಿನಲ್ಲಿ ಹೇಳುತ್ತ ಬಂದರು, ಗಾಯತ್ರಿ ನಮಗೆ ಕನ್ನಡದಲ್ಲಿ.

"ತಪ್ಪು ಹೇಳಿದ್ರ ತಿದ್ರಿ ಮತ್ತ" ಎಂದೆ ನಾನು.

"ತಪ್ಪೇನಿಲ್ಲ" ಎಂದರು ಇವರು.

ಒಬ್ಬ ಮುದುಕ ಏನೋ ಕೇಳಿದ. ಬಾಗಿಲು ತೂಗುವ ಆ ಎರಡು ಪಟ್ಟಿಗೆ ಇಷ್ಟು ಒಳ್ಳೆಯ ಉಕ್ಕು ಎಲ್ಲಿ ಸಿಕ್ಕಿತು ಎಂದು. ಎರ್ಕಿನ್ ಟೋಪಿ ತೆಗೆದ. ಎರಡು ಪಟ್ಟಿಗಳನ್ನೂ ಒಂದೊಂದಾಗಿ ಮುಟ್ಟಿ, ತಂಗಿಯ ಕಡೆ ನೋಡದೆ, ನಿಧಾನವಾಗಿ ಕೆಲವು ಮಾತು ಹೇಳಿದ. ಅವನ ಮಾತಿನ ನಡುವೆ ಇಲ್ಬಿರ್ಸ್ ಎಂಬುದೊಂದು ನನಗೆ ಕೇಳಿಸಿತು.

ನುರ್ಗುಲ್ ಅನುವಾದ ನಿಲ್ಲಿಸಿದರು.

ಆ ಹನ್ನೆರಡು ಜನರಲ್ಲಿ ಮೂವರೋ ನಾಲ್ವರೋ ನೆಲ ನೋಡತೊಡಗಿದರು. ಅವರ ಮನೆಗಳಲ್ಲೂ ಗೋಣಿಯ ಕೆಳಗೆ ಏನಿದೆ ಎಂದು ಹೇಳಬೇಕಾಗಿಯೇ ಇರಲಿಲ್ಲ. ಪ್ರಶ್ನೆ ಕೇಳಿದ ಮುದುಕ ಮುಂದೆ ಬಂದು ಒಂದು ಪಟ್ಟಿಯನ್ನು ಕೈಯಿಂದ ಎಳೆದು ನೋಡಿದ, ತನ್ನ ಜೇಬಿನಿಂದ ಒಂದು ದಾರ ತೆಗೆದು ಅದರ ಉದ್ದ ಹಿಡಿದು ಗಂಟು ಹಾಕಿಕೊಂಡ.

"ಏನಾಯ್ತು ಆಂಟಿ? ಏನಂದ್ರು ಅವ್ರು?" ಎಂದು ಗಾಯತ್ರಿ ಪಿಸುಗುಟ್ಟಿದಳು.

ನುರ್ಗುಲ್ ಅಣ್ಣನ ಹತ್ತಿರ ಹೋದರು. ಅವನ ಕೈಯಲ್ಲಿದ್ದ ಬಿಳಿ ಟೋಪಿ ತೆಗೆದುಕೊಂಡು, ಹಿಮದ ಪುಡಿ ಕೊಡವಿ, ಅವನ ತಲೆಗೆ ಇಟ್ಟರು. ಆಮೇಲೆ ಅವನ ಭುಜದ ಮೇಲೆ ಕೈ ಇಟ್ಟು ನಮ್ಮ ಕಡೆ ತಿರುಗಿ, ಕಣ್ಣು ತುಂಬಿಕೊಂಡೇ, ಗಟ್ಟಿಯಾಗಿ ಒಂದು ವಾಕ್ಯ ಹೇಳಿದರು.

ಗಾಯತ್ರಿ ಅದನ್ನು ನಮಗೆ ತಿಳಿಸಿದಳು. ಅವಳಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ.

"'ಇವರು ನನ್ನ ಅಣ್ಣ' ಅಂತಿದಾರೆ ಆಂಟಿ. ಅಷ್ಟೇ ಹೇಳ್ತಿರೋದು."